ವಿದರ್ ಪೈಕಿನ ಕಲ್ಲುಗುಪ್ಪೆ

ಅಕ್ಕಿ ಪಾಯಸದ ಡಬ್ಬಿಯ ಮುಚ್ಚಳ ಅರ್ಧ ತೆರೆದು ಅಲ್ಲಿಗೇ ನಿಂತುಬಿಟ್ಟಿತು. ಎಡ್ವಿನ್ ಬ್ರಾಕ್‌ಬ್ಯಾಂಕ್ ಓಪನರನ್ನು ಇನ್ನೊಮ್ಮೆ ತಿರುಗಿಸಲು ಹೋದ, ಕೈ ಜಾರಿತು. ಕಲ್ಲುಗಣಿಯಲ್ಲಿ ಮೂವತ್ತೆಂಟು ವರ್ಷ ಸ್ಲೇಟು ಸೀಳಿದ ಕೈ ಅದು. ಕೂದಲೆಳೆಯಷ್ಟೂ ಅಂಕುಡೊಂಕಿಲ್ಲದೆ ಹಾಳೆ ಬಿಡಿಸುತ್ತಿದ್ದ ಕೈ. ಈಗ ಒಂದು ತಗಡಿನ ಡಬ್ಬಿ ಮಾತು ಕೇಳುತ್ತಿಲ್ಲ. ಪಕ್ಕದಲ್ಲಿ ಸ್ಟವ್ ಮೇಲೆ ಕೆಟಲ್ ಇಟ್ಟು ಕೂತಿದ್ದ ಮುರಿಯಲ್ ಪೋಸಲ್‌ವೇಟ್ ಕನ್ನಡಕದ ಮೇಲಿಂದ ನೋಡಿದಳು. "ಅದು ಪಾಯಸದ ಡಬ್ಬಿ ಕಣೋ, ಬಾಂಬಲ್ಲ. ಇಲ್ಲಿ ಕೊಡು." ಅವನು ಕೊಡಲಿಲ್ಲ. ಕೊಟ್ಟರೆ ಕೈಗೆ ಕೆಲಸವಿರುವುದಿಲ್ಲ, ಕೆಲಸವಿಲ್ಲದ ಕೈ ಜೇಬಿಗೆ ಹೋಗುತ್ತದೆ, ಜೇಬಿನಲ್ಲಿ ದಿಕ್ಸೂಚಿ ಇದೆ. ಎರಡು ದಿನದಿಂದ ಅದನ್ನು ಮುಟ್ಟಲು ಅವನಿಗೆ ಹೇಸಿಗೆಯಾಗುತ್ತಿತ್ತು.

ಕಣಿವೆಯ ಮೇಲ್ತುದಿಯ ರಸ್ತೆ ತಿರುವಿನಲ್ಲಿ ನಾಲ್ಕು ಕಾರು, ಮುರಿಯಲ್‌ಳ ವ್ಯಾನು, ಹುಲ್ಲಿನ ಮೇಲೆ ಹರಡಿದ ಒದ್ದೆ ಕಾಲುಚೀಲಗಳು. ಶನಿವಾರ, ಹನ್ನೆರಡು ಗಂಟೆ. ಎಲ್ಲರಿಗೂ ಹಬ್ಬದ ಮುಖ. ಟಾಮ್ಸಿನ್ ರಿಗ್ ಸೋಮವಾರ ಬೆಳಗ್ಗೆ ಹೊರಟವಳು, ಆರನೆಯ ದಿನವಾದರೂ ಕಾಲ ಮೇಲೆ ಇದ್ದಾಳೆ. ಓಡಿ ಹತ್ತಬೇಕಾದ ನೂರೆಂಬತ್ತು ಗುಡ್ಡಗಳಲ್ಲಿ ಇನ್ನು ಮೂರೇ ಬಾಕಿ. ಸಂಜೆ ಏಳು ನಲವತ್ತರೊಳಗೆ ಥ್ರೆಲ್‌ಬೆಕ್ ಚರ್ಚಿನ ಗೇಟು ಮುಟ್ಟಿದರೆ ದಾಖಲೆ ಅವಳದು, ಮತ್ತು ಮುರಿಯಲ್ ಹಾಕಿದ ಲೆಕ್ಕದಲ್ಲಿ ಅವಳು ನಾಲ್ಕಕ್ಕೇ ಅಲ್ಲಿರುತ್ತಾಳೆ. ಯಾವ ಗುಡ್ಡ ಮೊದಲು, ಯಾವುದು ಕೊನೆ ಎಂಬುದು ಓಡುವವರ ಇಷ್ಟ. ಆದರೆ ಒಂದನ್ನೂ ಬಿಡುವಂತಿಲ್ಲ, ಒಂದು ಗಜವೂ ಗಾಡಿ ಹತ್ತುವಂತಿಲ್ಲ, ಪ್ರತಿ ನೆತ್ತಿಯಲ್ಲೂ ಜೊತೆಗಾರನೊಬ್ಬ ಇದ್ದು ಕಾರ್ಡಿನಲ್ಲಿ ವೇಳೆ ಬರೆದು ಸಹಿ ಹಾಕಬೇಕು. ಬೇರೆ ಪುರಾವೆಯನ್ನು ಇಲ್ಲಿ ಯಾರೂ ಕೇಳಿದ್ದಿಲ್ಲ. ಕೇಳುವುದೇ ಅವಮಾನ. ನೂರೆಪ್ಪತ್ತೇಳು ಆಯಿತು ಎಂದು ಎಲ್ಲರೂ ನಂಬಿದ್ದರು. ನೂರೆಪ್ಪತ್ತಾರು ಎಂದು ಗೊತ್ತಿದ್ದವನು ಎಡ್ವಿನ್ ಒಬ್ಬನೇ.

ಗುರುವಾರ ಬೆಳಗ್ಗೆ ವಿದರ್ ಪೈಕ್ ಎಂಬ ಗುಡ್ಡಕ್ಕೆ ಅವಳ ಜೊತೆ ಹೋದವನು ಅವನು. ಹೋಗಬೇಕೆಂದು ಅವನೇ ಹಟ ಹಿಡಿದಿದ್ದ. ಅರವತ್ತೊಂದು ವಯಸ್ಸು, ಎಡಗಾಲಿನ ಮಂಡಿ ಸರಿಯಿಲ್ಲ, ಬಾಟಲಿ ತುಂಬಿಕೊಡುವ ಕೆಲಸಕ್ಕೆ ನಿಲ್ಲು ಎಂದು ಮುರಿಯಲ್ ಹೇಳಿದಾಗ ಎಲ್ಲರೆದುರು ಕೆರಳಿದ್ದ. "ವಿದರ್ ಪೈಕು ನನ್ನ ಅಡುಗೆಮನೆ ಇದ್ದ ಹಾಗೆ. ಕಣ್ಣು ಕಟ್ಟಿ ಬಿಟ್ರೂ ಹೋಗ್ತೀನಿ." ಹಾಗೆಂದ ಮೇಲೆ ಮಂಜು ಕಣ್ಣು ಕಟ್ಟಿತು. ಹತ್ತು ಗಜದಾಚೆ ಕುರಿ ಕಾಣುತ್ತಿರಲಿಲ್ಲ, ಕೆಮ್ಮು ಮಾತ್ರ ಕೇಳುತ್ತಿತ್ತು. ಸ್ವಂತ ಗುಡ್ಡದ ಮೇಲೆ ದಿಕ್ಸೂಚಿ ತೆಗೆಯುವುದು ಈ ಕಣಿವೆಯವರಿಗೆ ಸ್ವಂತ ಮನೆಯ ಬಾಗಿಲು ಬಡಿದಷ್ಟೇ ನಾಚಿಕೆ, ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಅವನು ತೆಗೆಯಲಿಲ್ಲ. ಅದಲ್ಲದೆ ಅವನಿಗೆ ಉಸಿರೂ ಸಾಲದಾಗಿತ್ತು. ನಾಲ್ಕನೆಯ ದಿನವೂ ಓಡುತ್ತಿದ್ದ ಹೆಂಗಸು ಮುಂದೆ ಹೋಗಿ ಅವನಿಗಾಗಿ ನಿಲ್ಲುತ್ತಿದ್ದಳು. ನಿಂತದ್ದು ಅವನಿಗೆ ಗೊತ್ತಾಗಬಾರದೆಂದು ಬಗ್ಗಿ ಶೂ ದಾರ ಕಟ್ಟುವ ನೆಪ ಮಾಡುತ್ತಿದ್ದಳು. ಮೂರನೆಯ ಸಲ ಬಗ್ಗಿದಾಗ ಅವನಿಗೆ ಅಳು ಬರುವಷ್ಟಾಗಿತ್ತು. ಅವಳು ಐದು ವರ್ಷದವಳಿದ್ದಾಗ ಇದೇ ಗುಡ್ಡದ ಬುಡದಲ್ಲಿ ಅವಳ ಶೂ ದಾರ ಕಟ್ಟಿದವನು ತಾನು. ಅವಳ ಅಪ್ಪ, ತನ್ನ ಗೆಳೆಯ ಲ್ಯಾನ್ಸ್, ಮುಂದೆ ಓಡಿಹೋಗಿದ್ದ, ಲ್ಯಾನ್ಸ್ ಯಾವಾಗಲೂ ಮುಂದೆ ಓಡಿಹೋಗುತ್ತಿದ್ದ. ಕೊನೆಗೆ ಆಸ್ಪತ್ರೆಯವರು ಕೈಚೆಲ್ಲಿ ಕೊನೆಯ ದಿನಗಳ ರೋಗಿಗಳಿಗಾಗಿ ಇರುವ ಹೊಳೆದಂಡೆಯ ಆರೈಕೆಮನೆಗೆ ಸೇರಿಸಿದಾಗಲೂ ಎರಡೇ ವಾರದಲ್ಲಿ ಮುಗಿಸಿಕೊಂಡು ಹೊರಟುಬಿಟ್ಟ. ಆ ಎರಡು ವಾರದಲ್ಲಿ ಎಡ್ವಿನ್ ಮೂರು ಸಲ ಅಲ್ಲಿಯವರೆಗೆ ಹೋಗಿದ್ದ. ಮೂರು ಸಲವೂ ಕಾರು ನಿಲ್ಲಿಸಿ, ಗಾಜಿನೊಳಗಿಂದ ಆ ಮನೆಯ ಹಸಿರು ಬಾಗಿಲು ನೋಡಿ, ವಾಪಸು ಬಂದಿದ್ದ. ಲ್ಯಾನ್ಸ್ ಮಲಗಿರುವುದನ್ನು ನೋಡುವ ಧೈರ್ಯ ಬರಲಿಲ್ಲ. ಈಗ ಮಗಳು ಅದೇ ಮನೆಗೆ ದುಡ್ಡು ಕೂಡಿಸಲು ಓಡುತ್ತಿದ್ದಾಳೆ. ಅಲ್ಲಿ ಇನ್ನೂ ನಾಲ್ಕು ಹಾಸಿಗೆ ಹಾಕಲು ಹೊಸ ಕೋಣೆ ಕಟ್ಟಬೇಕಂತೆ. ಅವಳ ಅಂಗಿಯ ಬೆನ್ನ ಮೇಲೆ ಆ ಮನೆಯ ಹೆಸರಿತ್ತು. ವಿದರ್ ಪೈಕಿನ ಉದ್ದಕ್ಕೂ ಅವನು ಆ ಹೆಸರನ್ನೇ ನೋಡುತ್ತ ಹತ್ತಿದ್ದ.

ಆಮೇಲೆ ಮಂಜಿನೊಳಗಿಂದ ಕಲ್ಲುಗುಪ್ಪೆ ಬಂದಿತು. ಎದೆಮಟ್ಟದ ಗುಪ್ಪೆ, ಅಚ್ಚುಕಟ್ಟಾಗಿ ಪೇರಿಸಿದ್ದು. ಟಾಮ್ಸಿನ್ ಅಂಗೈಯನ್ನು ಅದರ ಮೇಲಿಟ್ಟು "ಇದೇನಾ ಮಾಮ?" ಎಂದಳು. ಚಿಕ್ಕಂದಿನಿಂದ ಹಾಗೇ ಕರೆದು ಅಭ್ಯಾಸ. ಅವನು "ಇದೇ" ಎಂದ. ಗಡಿಯಾರ ನೋಡಿ ಹನ್ನೊಂದು ಐವತ್ತೆರಡು ಎಂದು ಬರೆದು ಸಹಿ ಹಾಕಿದ. ಇಳಿಯುತ್ತ ಕಾಲು ಗಂಟೆಯಾಗಿತ್ತು. ಮಂಜು ಒಮ್ಮೆ ಹರಿಯಿತು, ಪರದೆ ಸರಿಸಿದ ಹಾಗೆ, ಅವನು ತಿರುಗಿ ನೋಡಿದ. ಗುಪ್ಪೆಯ ಆಚೆ ಒಂದು ತಗ್ಗು, ತಗ್ಗಿನಾಚೆ ಇನ್ನೂರು ಗಜದಲ್ಲಿ ಬೋಳುಬಂಡೆ, ಅದರ ಮೇಲೆ ಬರೀ ಮೂರು ಕಲ್ಲು. ಅದು ನೆತ್ತಿ. ಪ್ರವಾಸಕ್ಕೆ ಬಂದವರು ಗಾಳಿಗೆ ಹೆದರಿ ಈಚೆಯೇ ನಿಂತು ಗುಪ್ಪೆ ಕಟ್ಟುತ್ತಾರೆ, ಅದನ್ನು ಅವನೇ ಎಷ್ಟು ಸಲ ಬೈದು ಕೆಡವಿದ್ದನೋ. ಟಾಮ್ಸಿನ್ ಹಿಂದೆ ನೋಡಲಿಲ್ಲ, ಅವಳ ಕಣ್ಣು ಕಾಲಿನ ಮೇಲಿತ್ತು. ಆಗ ಹೇಳಿದ್ದರೆ ಅರ್ಧ ಗಂಟೆಯ ಮಾತು. ಅವಳ ಹಿಮ್ಮಡಿಯಿಂದ ರಕ್ತ ಬಂದು ಕಾಲುಚೀಲ ಕೆಂಪಾಗಿತ್ತು. ಕೆಳಗೆ ಹೋಗಿ, ಏನಾದರೂ ತಿಂದಮೇಲೆ ಹೇಳುತ್ತೇನೆ ಎಂದುಕೊಂಡ. ಕೆಳಗೆ ಬಂದಾಗ ಅದು ಒಂದೂವರೆ ಗಂಟೆಯ ಮಾತಾಯಿತು. ಅವಳು ಆಲೂಗಡ್ಡೆ ಸಾರು ಕುಡಿದು ಹತ್ತು ನಿಮಿಷ ನಿದ್ದೆ ಹೋದಳು, ಎಬ್ಬಿಸಲು ಮನಸ್ಸಾಗಲಿಲ್ಲ. ಶುಕ್ರವಾರ ಅವಳು ಆಚೆ ಕಣಿವೆಯಲ್ಲಿದ್ದಳು. ಮಾತು ಬೆಳೆಯುತ್ತಲೇ ಹೋಯಿತು. ಒಳ್ಳೆಯ ಮಾತಿನಂತೆ ಕಾಣುವ ಒಂದೊಂದು ಕಾರಣಕ್ಕೂ ಒಂದೊಂದು ಗಂಟೆಯ ಬೆಲೆ ಬೀಳುತ್ತಿತ್ತು, ಆ ಬೆಲೆ ಅವಳ ಕಾಲಿನದು.

"ವಿದರ್ ಪೈಕ್, ಹನ್ನೊಂದು ಐವತ್ತೆರಡು, ಇ. ಬಿ.," ಎಂದು ಮುರಿಯಲ್ ಗಟ್ಟಿಯಾಗಿ ಓದಿದಳು. ಮಳೆಗೆ ನೆನೆದ ಕಾರ್ಡುಗಳನ್ನು ಒಳ್ಳೆಯ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದಳು. "ಇಷ್ಟೂ ಜನದಲ್ಲಿ ನಿನ್ನ ಅಕ್ಷರ ಒಂದೇ ಓದೋ ಹಾಗಿರೋದು ನೋಡು. ಉಳಿದವರದು ಕೋಳಿ ಕೆದರಿದ ಹಾಗೆ."

"ಅವನು ಕೂತು ಬರೆದಿರ್ತಾನೆ," ಎಂದ ನಥಾನಿಯಲ್ ಗಿಲ್ಪಿನ್, ವ್ಯಾನಿನ ಚಕ್ರಕ್ಕೆ ಒರಗಿಕೊಂಡು. "ನಾವು ನಿಂತು ಬರೆದವರು."

ಎಲ್ಲರೂ ನಕ್ಕರು. ಗಿಲ್ಪಿನ್ ಒಣಕಲ್ಲಿನ ಗೋಡೆ ಕಟ್ಟುವವನು. ಎಪ್ಪತ್ತೇಳನೆಯ ಇಸವಿಯಲ್ಲಿ ಆದ, ಹನ್ನೊಂದು ವರ್ಷದಿಂದ ಯಾರೂ ಮುರಿಯದ ದಾಖಲೆ ಅವನದೇ. ಅದನ್ನು ಮುರಿಯಲು ಹೊರಟವಳಿಗೆ ಸೋಮವಾರದಿಂದ ಚೀಲ ಹೊರುತ್ತಿದ್ದಾನೆ. ಇಲ್ಲಿಯ ಪದ್ಧತಿಯೇ ಹಾಗೆ. ತನ್ನ ದಾಖಲೆ ಹೋಗುವ ದಿನ ಮನೆಯಲ್ಲಿ ಕೂತವನಿಗೆ ಆಮೇಲೆ ಪಬ್ಬಿನಲ್ಲಿ ಯಾರೂ ಸರಿದು ಜಾಗ ಕೊಡುವುದಿಲ್ಲ. ಆದರೂ ಗಿಲ್ಪಿನ್ ಪದ್ಧತಿಗಾಗಿ ಬಂದವನಂತೆ ಕಾಣುತ್ತಿರಲಿಲ್ಲ. ಅವಳ ಬಾಟಲಿಗೆ ಎಷ್ಟು ಉಪ್ಪು ಹಾಕಬೇಕೆಂದು ಮುರಿಯಲ್ ಜೊತೆ ಜಗಳವಾಡುತ್ತಿದ್ದ. "ವಿದರ್ ಪೈಕು ದರಿದ್ರದ ಗುಡ್ಡ," ಎಂದ ಅವನು ಈಗ, ಹುಲ್ಲು ಕಡಿಯುತ್ತ. "ಎಪ್ಪತ್ತೇಳರಲ್ಲಿ ನಾನು ಈಚೆ ಗುಪ್ಪೇನೇ ಮುಟ್ಟಿ ಇಳಿದುಬಿಟ್ಟಿದ್ದೆ. ತೊರೆ ಹತ್ರ ಬಂದಮೇಲೆ ಲ್ಯಾನ್ಸ್ ರಿಗ್ ಹೇಳಿದ, 'ನಟ್, ಅದು ಮೇಲಿಂದು ಅಲ್ವೇನೋ.' ಅವನನ್ನ ಹೊಡೆದುಹಾಕೋಣ ಅನ್ನಿಸ್ತು. ವಾಪಸು ಹತ್ತಿದೆ, ಬಯ್ಕೊಂಡೇ ಹತ್ತಿದೆ. ಇವತ್ತು ಅವನು ಇದ್ದಿದ್ರೆ ಒಂದು ಬಿಯರ್ ಕೊಡಿಸ್ತಿದ್ದೆ." ಯಾರ ಮೇಲೂ ಇಟ್ಟು ಹೇಳಿದ ಮಾತಲ್ಲ ಅದು. ಡಬ್ಬಿಯ ಮುಚ್ಚಳ ಎಡ್ವಿನ್‌ನ ಬೆರಳಿಗೆ ತಾಗಿ ರಕ್ತ ಬಂತು, ಅವನು ಬೆರಳನ್ನು ಬಾಯಲ್ಲಿಟ್ಟುಕೊಂಡ. ಲ್ಯಾನ್ಸ್ ಹೇಳಿದ್ದ. ಲ್ಯಾನ್ಸ್‌ಗೆ ಎಂದೂ ಯೋಚನೆ ಮಾಡಬೇಕಾಗಿ ಬರುತ್ತಿರಲಿಲ್ಲ. ಇಡೀ ಜೀವನ ತಾನು ಅವನ ಪಕ್ಕದಲ್ಲಿ ಓಡಿ, ಅವನಷ್ಟೇ ಒಳ್ಳೆಯವನೆಂದು ಹೆಸರು ಪಡೆದುಕೊಂಡೆನಲ್ಲ ಎಂದು ಎಡ್ವಿನ್‌ಗೆ ಅನ್ನಿಸಿತು. ಹೇಳಬಾರದ ಸಮಯ ಎಂಬುದೇ ಇಲ್ಲ, ಹೇಳಲಾರದ ಮನುಷ್ಯ ಮಾತ್ರ ಇರುತ್ತಾನೆ.

ಒಂದಕ್ಕೆ ಐದು ನಿಮಿಷವಿದ್ದಾಗ ಅವಳು ಬಂದಳು. ಇಳಿಜಾರಿನಲ್ಲಿ ಜರೀಗಿಡದ ನಡುವೆ ನೀಲಿ ಅಂಗಿ ಕಂಡಿತು, ಹಿಂದೆ ಆ ಬೆಳಗಿನ ಜೊತೆಗಾರ. ಓಟ ಅಲ್ಲ ಅದು, ಒಂದು ಕಾಲನ್ನು ಎತ್ತಿಟ್ಟು ಇನ್ನೊಂದನ್ನು ಅದರ ಹಿಂದೆ ಕರೆದುಕೊಂಡು ಬರುವ ನಡಿಗೆ. ಚಪ್ಪಾಳೆ ಬಿತ್ತು. ಕುರ್ಚಿಯಲ್ಲಿ ಕೂತವಳ ಮುಖ ಊದಿಕೊಂಡಿತ್ತು, ತುಟಿ ಒಡೆದಿತ್ತು, ಕಣ್ಣು ಮಾತ್ರ ಮಕ್ಕಳ ಕಣ್ಣಿನ ಹಾಗೆ ಹೊಳೆಯುತ್ತಿತ್ತು. "ಪಾಯಸ ಕೊಡಿ. ಬಿಸಿ ಬೇಡ. ಇನ್ನು ಮೂರೇ ಅಲ್ವಾ?" ಎಂದಳು. "ಮೂರೇ, ಬಂಗಾರ," ಎಂದಳು ಮುರಿಯಲ್. ಪಾದಕ್ಕೆ ಪಟ್ಟಿ ಸುತ್ತುವುದು ಎಡ್ವಿನ್‌ನ ಕೆಲಸ. ಮಂಡಿಯೂರಿ ಅವಳ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡ. ಹೆಬ್ಬೆರಳಿನ ಉಗುರು ಹೋಗಿತ್ತು. ಅಂಗಾಲು ನೆನೆಸಿಟ್ಟ ಬ್ರೆಡ್ಡಿನಂತೆ ಬೆಳ್ಳಗಾಗಿ ಸುಕ್ಕುಗಟ್ಟಿತ್ತು. ಈ ಕಾಲಿಗೆ ಇನ್ನು ಮೂರು ಗಂಟೆ ಸಾಕು, ನಾಲ್ಕು ಗಂಟೆಗೆ ಚರ್ಚಿನ ಗೇಟು, ಆರೈಕೆಮನೆಯವರು ಕೇಕು ತಂದಿರುತ್ತಾರೆ, ಕಥೆ ಅಲ್ಲಿಗೆ ಮುಗಿಯುತ್ತದೆ. ನಾನೊಬ್ಬ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ನಷ್ಟ? ಹೀಗೆ ಅವನು ಎರಡು ದಿನದಿಂದ ಕೇಳಿಕೊಂಡಿದ್ದ, ಯಾರಿಗೂ ಇಲ್ಲ ಎಂಬ ಉತ್ತರವೂ ಸಿಕ್ಕಿತ್ತು. ಅವಳು ತಿನ್ನುತ್ತಲೇ ಮೇಲಿಂದ ಹೇಳಿದಳು, "ಮಾಮ, ಒಂದು ವಿಷಯ ಹೇಳ್ಲಾ? ರಾತ್ರಿ ನಿದ್ದೆ ಬರದೇ ಇದ್ದಾಗ ಮುಟ್ಟಿದ ಕಲ್ಲನ್ನೆಲ್ಲ ಒಂದೊಂದಾಗಿ ನೆನಪು ಮಾಡ್ಕೋತೀನಿ. ಮೊದಲನೇದರಿಂದ. ಎಲ್ಲಾ ನೆನಪಿದೆ. ವಿದರ್ ಪೈಕಿಂದು ತಣ್ಣಗಿತ್ತು, ಮೇಲೆ ಪಾಚಿ."

ಅವನ ಕೈಯಲ್ಲಿದ್ದ ಪಟ್ಟಿ ನಿಂತಿತು. "ಅದಲ್ಲ ಟಾಮ್ಸಿನ್," ಎಂದ.

"ಏನದಲ್ಲ?"

"ನೀನು ಮುಟ್ಟಿದ್ದು ಮೇಲಿನ ಗುಪ್ಪೆ ಅಲ್ಲ. ಈಚೆಯದು. ನೆತ್ತಿ ತಗ್ಗಿನಾಚೆ ಇತ್ತು. ಮಂಜಲ್ಲಿ ನಾನು... ನಾನು ತಪ್ಪು ತೋರಿಸಿದೆ."

ಅವಳು ಚಮಚವನ್ನು ಡಬ್ಬಿಯೊಳಗೆ ಇಟ್ಟಳು. ಸುತ್ತ ಇದ್ದವರ ಮಾತು ಒಂದೊಂದಾಗಿ ನಿಂತಿತು. ಅವನು ಅವಳ ಪಾದವನ್ನೇ ನೋಡುತ್ತಿದ್ದ. ಅದು ತನ್ನ ತೊಡೆಯ ಮೇಲೆ ಇನ್ನೂ ಹಗುರಾಗಿ ನಡುಗುತ್ತಿತ್ತು, ದಣಿವಿನ ನಡುಕ.

"ಎಷ್ಟು ದೂರ?"

"ಇನ್ನೂರು ಗಜ."

"ನಿನಗೆ ಯಾವಾಗ ಗೊತ್ತಾಯ್ತು?"

ಇದೊಂದು ಪ್ರಶ್ನೆ ಬರುತ್ತದೆಂದು ಅವನಿಗೆ ಗೊತ್ತಿತ್ತು. "ಇಳಿಯೋವಾಗ," ಎಂದ. "ಮಂಜು ಸರಿದಾಗ ಕಾಣಿಸ್ತು." ಅಷ್ಟು ಹೇಳಿದ. ಉಳಿದದ್ದನ್ನು ಹೇಳಲಿಲ್ಲ. ಗುಪ್ಪೆಯ ಪಕ್ಕದಲ್ಲಿ ನಿಂತಾಗಲೇ ಕಾಲಿಗೆ ಗೊತ್ತಾಗಿತ್ತೆಂದು ಹೇಳಲಿಲ್ಲ. ನೆತ್ತಿಯ ಮೇಲೆ ಗಾಳಿ ನಾಲ್ಕು ಕಡೆಯಿಂದ ಬರುತ್ತದೆ. ಅಲ್ಲಿ ಒಂದೇ ಕಡೆಯಿಂದ ಬರುತ್ತಿತ್ತು. "ಇದೇನಾ ಮಾಮ?" ಎಂದು ಅವಳು ಕೇಳಿದಾಗ ಎದೆ ಹೊಡೆದುಕೊಳ್ಳುತ್ತಿತ್ತು, ಬಾಯಲ್ಲಿ ತಾಮ್ರದ ರುಚಿ, ಇನ್ನು ನೂರು ಹೆಜ್ಜೆಯೂ ಏರಲಾರೆನೆಂದು ಅನ್ನಿಸಿತ್ತು, ಮತ್ತು ಅವಳು ನಾಲ್ಕನೆಯ ಸಲ ಬಗ್ಗಿ ದಾರ ಕಟ್ಟುವುದನ್ನು ನೋಡಲಾರೆನೆಂದು. ಅದಕ್ಕೇ 'ಇದೇ' ಎಂದಿದ್ದ. ಮಂಜನ್ನು ದೂರಬಹುದು, ದೂರಿದರೆ ಎಲ್ಲರೂ ಒಪ್ಪುತ್ತಾರೆ. ತಪ್ಪಾಗಿದ್ದು ಮಂಜಿನಿಂದಲ್ಲ. ಅವನಿಗೆ ಸಾಕಾಗಿತ್ತು, ಅಷ್ಟೇ.

"ಎರಡು ದಿನ ಬಾಯಲ್ಲಿ ಏನು ತುಂಬ್ಕೊಂಡಿದ್ದೆಯೋ?" ಎಂದಳು ಮುರಿಯಲ್. ಅವಳ ದನಿ ಜೋರಾಗಿರಲಿಲ್ಲ. "ನಿನ್ನೆ ಬೆಳಗ್ಗೆ ನನ್ನ ಜೊತೆ ಕೂತು ಮೊಟ್ಟೆ ತಿಂದ್ಯಲ್ಲೋ, ಎಡ್ವಿನ್." ಗಿಲ್ಪಿನ್ ಎದ್ದು ನಿಂತು, ಕಣಿವೆಯ ಆಚೆ ಬದಿಯನ್ನು ಕಣ್ಣು ಕಿರಿದು ಮಾಡಿ ನೋಡಿದ. ಅಲ್ಲಿ ವಿದರ್ ಪೈಕು ಇಂದು ಸ್ವಚ್ಛವಾಗಿ, ಯಾರ ಹಂಗೂ ಇಲ್ಲದೆ ಕೂತಿತ್ತು. "ಇಲ್ಲಿಂದ ಹೋಗಿ ಬರೋಕೆ ಮೂರೂವರೆ ತಾಸು," ಎಂದ. "ಆಮೇಲೆ ಉಳಿದ ಗುಡ್ಡಕ್ಕೆ ಮೂರು. ಒಂದು ಗಂಟೆಗೆ ಹೊರಟ್ರೆ ಏಳೂವರೆ. ಹತ್ತು ನಿಮಿಷ ಉಳಿಯುತ್ತೆ." ತನ್ನದೇ ದಾಖಲೆಯಿಂದ ಆ ಹತ್ತು ನಿಮಿಷವನ್ನು ಅವಳಿಗೆ ಹೇಗೆ ಕಿತ್ತುಕೊಡಲಿ ಎಂಬಂತೆ ಅವನ ಮುಖ ಗಂಟಾಗಿತ್ತು. "ಕಾಲು ಚೆನ್ನಾಗಿದ್ರೆ," ಎಂದು ಸೇರಿಸಿದ.

ಟಾಮ್ಸಿನ್ ಎಡ್ವಿನ್‌ನ ತೊಡೆಯಿಂದ ಪಾದವನ್ನು ಎತ್ತಿಕೊಂಡಳು. ಅರ್ಧ ಸುತ್ತಿದ ಪಟ್ಟಿಯನ್ನು ತಾನೇ ಹರಿದು, ತಾನೇ ಅಂಟಿಸಿದಳು. ಕಾಲುಚೀಲ ಎಳೆದುಕೊಳ್ಳುವಾಗ ಒಂದು ಸಲ ಹಲ್ಲು ಕಚ್ಚಿದಳು. ಯಾರನ್ನೂ ಬಯ್ಯಲಿಲ್ಲ. ಬೈದಿದ್ದರೆ, ಡಬ್ಬಿಯನ್ನು ಮುಖಕ್ಕೆ ಎಸೆದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ನಾನು ಬರ್ತೀನಿ," ಎಂದ ಅವನು ಏಳುತ್ತ. ಮಂಡಿ ಕಟುಕ್ ಎಂದಿತು. ಎಲ್ಲರಿಗೂ ಕೇಳಿಸಿತು.

"ನೀನು ಬೇಡ ಮಾಮ," ಎಂದಳು ಅವಳು, ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ. ನಂತರ ಗಿಲ್ಪಿನ್ ಕಡೆ ತಿರುಗಿ, "ನಟ್, ಬರ್ತೀಯಾ?"

"ಚೀಲ ಆಗ್ಲೇ ಹೆಗಲ ಮೇಲಿದೆ ನೋಡು," ಎಂದ ಗಿಲ್ಪಿನ್.

ಅವರಿಬ್ಬರೂ ರಸ್ತೆ ದಾಟಿ ಕುರಿದಾರಿ ಹಿಡಿದರು. ಮುರಿಯಲ್ ಪುಸ್ತಕ ತೆರೆದು, ವಿದರ್ ಪೈಕಿನ ಸಾಲಿನ ಮೇಲೆ ಅಳತೆಪಟ್ಟಿ ಇಟ್ಟು ನೆಟ್ಟಗೆ ಒಂದು ಗೀಟು ಎಳೆದಳು. ಹೊಡೆದುಹಾಕಿದ ಮೇಲೂ ಅವನ ಅಕ್ಷರ ಓದುವ ಹಾಗೇ ಇತ್ತು.

ಥ್ರೆಲ್‌ಬೆಕ್‌ಗೆ ಅವನು ಒಬ್ಬನೇ ಕಾರಿನಲ್ಲಿ ಹೋದ. ಹೋಗದೆ ಇರಬಹುದಿತ್ತು. ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆಂದು ಎರಡು ಸಲ ತಿರುವಿನಲ್ಲಿ ವೇಗ ಇಳಿಸಿದ, ಎರಡು ಸಲವೂ ಹಸಿರು ಬಾಗಿಲು ಕಣ್ಣಿಗೆ ಕಟ್ಟಿತು, ಮುಂದಕ್ಕೆ ಹೋದ. ಚರ್ಚಿನ ಗೇಟಿಗೆ ಬಣ್ಣದ ಕಾಗದ ಕಟ್ಟಿದ್ದರು. ಆರೈಕೆಮನೆಯ ಮೇಟ್ರನ್ ಮಿಸೆಸ್ ಡಂಗ್ಲಿನ್ಸನ್ ಮೇಜಿನ ಮೇಲೆ ಕೇಕು ಇಟ್ಟು, ಅದರ ಮೇಲೆ ನೊಣ ಕೂರದಂತೆ ಬಟ್ಟೆ ಹೊದಿಸಿ ನಿಂತಿದ್ದಳು. ದಕ್ಷಿಣದ ಪಟ್ಟಣದಿಂದ ಬಂದವಳು, ಗುಡ್ಡದ ಸಂಗತಿ ತಿಳಿಯದವಳು; ನಾಲ್ಕು ಗಂಟೆ ಎಂದಿದ್ದರಲ್ಲ ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದಳು. ಅವನನ್ನೂ ಕೇಳಿದಳು. "ಸ್ವಲ್ಪ ತಡವಾಗುತ್ತೆ," ಎಂದ ಅವನು. "ಲ್ಯಾನ್ಸ್‌ನ ಗೆಳೆಯ ಅಲ್ವಾ ನೀವು? ನಿಮ್ಮ ಫೋಟೋ ಅವರ ಹಾಸಿಗೆ ಪಕ್ಕ ಇತ್ತು," ಎಂದಳು ಅವಳು ಸಂತೋಷದಿಂದ. "ಇಬ್ಬರೂ ಕೆಸರು ಮೆತ್ಕೊಂಡು ನಿಂತಿದ್ದು. ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂತಿದ್ರು ಪಾಪ." ಅವನು ತಲೆಯಾಡಿಸಿ, ಕೆಲಸವಿದ್ದವನ ಹಾಗೆ ಗೋಡೆಯ ಆಚೆ ಹೋಗಿ, ಗೋರಿಗಳ ನಡುವೆ ಸ್ವಲ್ಪ ಹೊತ್ತು ನಿಂತ. ಏನೂ ಯೋಚಿಸಲಿಲ್ಲ.

ಏಳು ಗಂಟೆಯ ಹೊತ್ತಿಗೆ ಊರೆಲ್ಲ ಬೀದಿಯಲ್ಲಿತ್ತು. ಕಣಿವೆಯಿಂದ ಬಂದವರು ಬಾಯಿ ಬಿಟ್ಟಿರಲಿಲ್ಲ, ಆದರೂ ಸುದ್ದಿ ಹೇಗೋ ಬಂದು ಮುಟ್ಟಿತ್ತು; ಜನ ಅವನ ಪಕ್ಕ ಬಂದು ನಿಲ್ಲುತ್ತಿದ್ದರು, ಒಂದು ಮಾತಾಡುತ್ತಿದ್ದರು, ಸಹಜವಾಗಿಯೇ ಬೇರೆ ಕಡೆ ಹೋಗುತ್ತಿದ್ದರು. ಜೂನ್ ತಿಂಗಳ ಬೆಳಕು ಇನ್ನೂ ಗುಡ್ಡದ ಮೇಲೆ ಹಳದಿಯಾಗಿತ್ತು. ಏಳೂವರೆಗೆ ಕೊನೆಯ ಇಳಿಜಾರಿನಲ್ಲಿ ಯಾರೂ ಕಾಣಲಿಲ್ಲ. ಏಳು ನಲವತ್ತಕ್ಕೆ ಮುರಿಯಲ್ ಕೈಗಡಿಯಾರ ನೋಡಿದಳು, ಪುಸ್ತಕ ಮುಚ್ಚಲಿಲ್ಲ. ಎಡ್ವಿನ್ ತನ್ನೊಳಗೆ ಏನೋ ಕಳಚಿ ಬೀಳುತ್ತದೆ ಎಂದು ಕಾದ, ಬೀಳಲಿಲ್ಲ. ಹಸಿವಾಗುತ್ತಿತ್ತು, ಅದು ನಾಚಿಕೆಯೆನ್ನಿಸಿತು.

ಏಳು ಐವತ್ತೊಂಬತ್ತಕ್ಕೆ ಅವಳು ಬಂದು ಗೇಟು ಮುಟ್ಟಿದಳು. ಗಿಲ್ಪಿನ್ ಎರಡು ಹೆಜ್ಜೆ ಹಿಂದೆ ಉಳಿದಿದ್ದ, ಅಳುತ್ತಿದ್ದ, ಒರೆಸಿಕೊಳ್ಳುತ್ತಿರಲಿಲ್ಲ. ಚಪ್ಪಾಳೆ ನಿಲ್ಲಲೇ ಇಲ್ಲ. ಜನ ಡಬ್ಬಿಗೆ ದುಡ್ಡು ಹಾಕಿದರು, ಕುರ್ಚಿ ತಂದರು, ಕಂಬಳಿ ಹೊದಿಸಿದರು. ಎಡ್ವಿನ್ ಚಹಾದ ಬಟ್ಟಲು ಹಿಡಿದು ಜನರ ನಡುವೆ ದಾರಿ ಮಾಡಿಕೊಂಡು ಬಂದ. ಈ ಸಲ ಎಲ್ಲರೆದುರು ಹೇಳಿಬಿಡುತ್ತೇನೆ, ಪೂರ್ತಿ ಹೇಳುತ್ತೇನೆ, ಕಾಲಿಗೆ ಗೊತ್ತಿತ್ತು ಎನ್ನುವುದನ್ನೂ ಹೇಳುತ್ತೇನೆ ಎಂದು ಬಾಯಲ್ಲಿ ಮಾತು ಜೋಡಿಸಿಕೊಂಡಿದ್ದ. ಅವನು ತಲುಪುವ ಮೊದಲೇ ಮಿಸೆಸ್ ಡಂಗ್ಲಿನ್ಸನ್ ಅವಳ ಕೈ ಹಿಡಿದುಕೊಂಡಿದ್ದಳು. "ಹತ್ತೊಂಬತ್ತು ನಿಮಿಷ! ಅಯ್ಯೋ ಮಗಳೇ. ಏನಾಯ್ತು?"

"ಗುರುವಾರ ಮಂಜಲ್ಲಿ ಒಂದು ನೆತ್ತಿ ತಪ್ಪಿಸಿಕೊಂಡೆ," ಎಂದಳು ಟಾಮ್ಸಿನ್. "ವಾಪಸು ಹೋಗಬೇಕಾಯ್ತು."

"ಆ ಮಂಜಲ್ಲಿ ನಿನ್ನ ಜೊತೆ ಯಾರಿದ್ರು?"

ಟಾಮ್ಸಿನ್ ಕಣ್ಣೆತ್ತಿದಳು. ಬಟ್ಟಲು ಹಿಡಿದು ನಿಂತವನನ್ನು ಒಂದು ಕ್ಷಣ ನೋಡಿದಳು, ದ್ವೇಷವಿಲ್ಲದೆ, ದಣಿದು.

"ಯಾರೂ ಇರಲಿಲ್ಲ," ಎಂದಳು. "ಒಬ್ಬಳೇ ಇದ್ದೆ."

ಜೊತೆಗಾರನಿಲ್ಲದೆ ಯಾರೂ ಗುಡ್ಡ ಏರುವುದಿಲ್ಲವೆಂದು ಆ ಬೀದಿಯಲ್ಲಿ ಮೇಟ್ರನ್ ಒಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಗಿಲ್ಪಿನ್ ತನ್ನ ಶೂ ನೋಡಿಕೊಂಡ. ಮುರಿಯಲ್ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದಳು. ಎಡ್ವಿನ್ ಬಾಯಿ ತೆರೆದ, ಮುಚ್ಚಿದ. ಚಹಾ ಕೈಯಲ್ಲಿ ಆರುತ್ತಿತ್ತು. ಅಷ್ಟು ಜನರಲ್ಲಿ ಒಬ್ಬರೂ ಅವನತ್ತ ನೋಡಲಿಲ್ಲ.